ತಡವಾದರೆ ತಾಳಬಹುದು, ಮೌನವಾದರೆ?

ಹಾಲು, ಕೊತ್ತಂಬರಿ ಸೊಪ್ಪು, ಮೊಬೈಲ್ ಚಾರ್ಜರ್ ಎಲ್ಲವೂ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ಬರುವ ಊರು ನಮ್ಮದು. ಸಂಜೆ ಹೊತ್ತು ಸುಬ್ರಹ್ಮಣ್ಯಪುರ ಮುಖ್ಯರಸ್ತೆಯ ಬದಿಯಲ್ಲಿ ಐದು ನಿಮಿಷ ನಿಂತರೆ ಸಾಕು, ಬೆನ್ನಿಗೆ ಚೀಲ ಹೊತ್ತ ಸ್ಕೂಟರುಗಳು ಎಷ್ಟು ಹಾದುಹೋದವು ಎಂದು ಲೆಕ್ಕ ಇಡುವುದೇ ಕಷ್ಟ. ಈ ವೇಗಕ್ಕೆ ಡೆಲಿವರಿ ಹುಡುಗರು ತೆರುವ ಬೆಲೆಯ ಬಗ್ಗೆ ದೇಶದಾದ್ಯಂತ ಚರ್ಚೆಯಾಗಿ, 2026ರ ಜನವರಿಯಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯದ ಮಧ್ಯಪ್ರವೇಶದ ಬಳಿಕ ಬ್ಲಿಂಕಿಟ್ ತನ್ನ ಪ್ರಚಾರದಿಂದ ‘10 ನಿಮಿಷ’ದ ಮಾತನ್ನು ಕೈಬಿಟ್ಟಿತು. ಘೋಷಣೆ ಹೋಯಿತು, ಆದರೆ ಅದು ನಮ್ಮಲ್ಲಿ ಬೆಳೆಸಿದ ಅಭ್ಯಾಸ ಹೋಗಿಲ್ಲ. ದುಡ್ಡು ಕೊಟ್ಟ ಕ್ಷಣದಿಂದ ವಸ್ತು ನಕ್ಷೆಯ ಮೇಲೆ ಚಲಿಸುತ್ತಿರಬೇಕು ಎಂಬ ನಿರೀಕ್ಷೆ ನಮ್ಮೊಳಗೆ ಗಟ್ಟಿಯಾಗಿ ಕುಳಿತಿದೆ.

ಇದೇ ಊರಿನಲ್ಲಿ, ಇದೇ ವಯಸ್ಸಿನವರ ನಡುವೆ, ಪೂರ್ತಿ ದುಡ್ಡು ಮೊದಲೇ ಕೊಟ್ಟು ಎಂಟು–ಹತ್ತು ತಿಂಗಳು ಕಾಯುವ ಇನ್ನೊಂದು ವ್ಯವಹಾರವೂ ಇದೆ. ಅದರ ಹೆಸರು ‘ಗ್ರೂಪ್ ಬೈ’, ಅಂದರೆ ಗುಂಪು ಖರೀದಿ. ಮೆಕ್ಯಾನಿಕಲ್ ಕೀಬೋರ್ಡ್, ಫೌಂಟನ್ ಪೆನ್, ಬೋರ್ಡ್ ಗೇಮ್, ಮಾಡೆಲ್ ಕಿಟ್, ಅಕ್ವೇರಿಯಂ ಗಿಡ, ಹೀಗೆ ಹವ್ಯಾಸ ಯಾವುದೇ ಇರಲಿ, ಅದರ ಹಿಂದೆ ಇಂಥದ್ದೊಂದು ವಾಟ್ಸ್‌ಆ್ಯಪ್ ಬಳಗ ಇದ್ದೇ ಇರುತ್ತದೆ. ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ನಾನು ನಮ್ಮ ಕೀಬೋರ್ಡ್ ಬಳಗದಲ್ಲಿ ಲೆಕ್ಕ ಬರೆಯುವುದು ಮತ್ತು ‘ಪಾರ್ಸೆಲ್ ಎಲ್ಲಿಗೆ ಬಂತು ಗುರು?’ ಎಂಬ ಪ್ರಶ್ನೆಗೆ ಉತ್ತರಿಸುವುದು, ಈ ಎರಡು ಕೆಲಸ ಮಾಡುತ್ತೇನೆ. ಎರಡನೆಯದೇ ಕಷ್ಟದ್ದು. ಆ ಪ್ರಶ್ನೆಯ ಹಿಂದೆ ಏನಿದೆ ಎಂದು ನೋಡುವುದು ಈ ಬರಹದ ಉದ್ದೇಶ.

ಗುಂಪು ಕಟ್ಟುವುದೇಕೆ?

ಸಣ್ಣ ಬೇಡಿಕೆಯ ವಸ್ತುವನ್ನು ಯಾವ ಅಂಗಡಿಯೂ ದಾಸ್ತಾನು ಇಡುವುದಿಲ್ಲ. ಎಸ್.ಪಿ. ರಸ್ತೆಯಲ್ಲಿ ಸಾಮಾನ್ಯ ಕೀಬೋರ್ಡ್ ರಾಶಿ ಬಿದ್ದಿರುತ್ತದೆ. ಆದರೆ ನಿರ್ದಿಷ್ಟ ಬಣ್ಣದ, ನಿರ್ದಿಷ್ಟ ಅಕ್ಷರದ ಕೀಕ್ಯಾಪ್‌ಗಳ ಸೆಟ್ ಕೇಳಿದರೆ ಅಂಗಡಿಯವರು ನಗುತ್ತಾರೆ. ಕಾರ್ಖಾನೆಗೆ ಹೋದರೆ ಕನಿಷ್ಠ ಇಷ್ಟು ಸೆಟ್ ಬೇಕು ಎನ್ನುತ್ತಾರೆ. ಹಾಗಾಗಿ ಒಬ್ಬ ಸಂಘಟಕ ಮುಂದೆ ಬಂದು ಆಸಕ್ತರನ್ನು ಸೇರಿಸಿ, ಹಣ ಸಂಗ್ರಹಿಸಿ, ಒಟ್ಟಿಗೆ ಆರ್ಡರ್ ಕೊಡುತ್ತಾನೆ. ವಸ್ತು ಬಂದ ಮೇಲೆ ಹಂಚುತ್ತಾನೆ.

ಚೀಟಿ ವ್ಯವಹಾರ ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ವ್ಯತ್ಯಾಸ ಒಂದೇ. ಚೀಟಿಯಲ್ಲಿ ಪ್ರತಿ ತಿಂಗಳೂ ಎಲ್ಲರೂ ಮುಖ ನೋಡುತ್ತಾರೆ, ಯಾರು ಎತ್ತಿದರು ಎಂದು ಗೊತ್ತಾಗುತ್ತದೆ. ಗುಂಪು ಖರೀದಿಯಲ್ಲಿ ಹಣ ಹೋದ ಮೇಲೆ ಕಾಣುವುದಕ್ಕೆ ಏನೂ ಇರುವುದಿಲ್ಲ. ಒಂದು ಸೆಟ್‌ಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ, ಒಳ್ಳೆಯದಾದರೆ ಹತ್ತು ಸಾವಿರ ದಾಟುವುದೂ ಉಂಟು. ಟ್ಯೂಷನ್ ಹೇಳಿ ಉಳಿಸಿದ ಹಣ, ಇಂಟರ್ನ್‌ಶಿಪ್‌ನ ಮೊದಲ ಸ್ಟೈಪೆಂಡ್ ಇದರಲ್ಲಿ ಸೇರಿರುತ್ತದೆ. ಖರೀದಿದಾರ ಇಲ್ಲಿ ಬರೀ ಗ್ರಾಹಕನಲ್ಲ. ಬಡ್ಡಿಯಿಲ್ಲದೆ ಸಾಲ ಕೊಟ್ಟವನೂ ಹೌದು. ಈ ಮಾತು ಮರೆತ ಸಂಘಟಕನಿಗೆ ‘ಇಷ್ಟೊಂದು ಯಾಕೆ ಕೇಳ್ತಾರೆ?’ ಎಂಬುದು ಎಂದಿಗೂ ಅರ್ಥವಾಗುವುದಿಲ್ಲ.

ತಡ ಹುಟ್ಟುವುದೆಲ್ಲಿ?

ತಡವಾಗುವುದು ಈ ವ್ಯವಹಾರದ ಸ್ವಭಾವವೇ ಆಗಿದೆ. ಜನರಿಂದ ಮೊದಲೇ ಹಣ ಪಡೆಯುವ ಕಿಕ್‌ಸ್ಟಾರ್ಟರ್ ವೇದಿಕೆಯ ಯೋಜನೆಗಳನ್ನು ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಈಥನ್ ಮೊಲಿಕ್ ಅಧ್ಯಯನ ಮಾಡಿದ್ದಾರೆ. ವಸ್ತು ಕೊಡುತ್ತೇವೆಂದ ಯೋಜನೆಗಳಲ್ಲಿ ಶೇ 75ಕ್ಕೂ ಹೆಚ್ಚು ಹೇಳಿದ ಸಮಯಕ್ಕಿಂತ ತಡವಾಗಿ ಕೊಟ್ಟವು ಎಂದು ಅವರ 2014ರ ಪ್ರಬಂಧ ಹೇಳುತ್ತದೆ. ಏನನ್ನೂ ಕೊಡದೆ ವಿಫಲವಾದವು ಸುಮಾರು ಶೇ 9 ಎಂದು 2015ರ ವರದಿ ಹೇಳುತ್ತದೆ. ಈ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ತಡವಾದದ್ದೆಲ್ಲ ಮೋಸವಲ್ಲ. ಆದರೆ ಮೋಸವೂ, ಸೋಲೂ ಮೊದಲು ಕಾಣಿಸಿಕೊಳ್ಳುವುದು ತಡದ ವೇಷದಲ್ಲೇ. ಕಾಯುವವನ ಆತಂಕಕ್ಕೆ ಇದೇ ಕಾರಣ. ತನ್ನದು ಯಾವ ಗುಂಪಿಗೆ ಸೇರಿದ್ದು ಎಂದು ಅವನಿಗೆ ಹೊರಗಿನಿಂದ ತಿಳಿಯುವುದಿಲ್ಲ.

ಕೀಕ್ಯಾಪ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಒಳ್ಳೆಯ ಕೀಕ್ಯಾಪ್‌ನಲ್ಲಿ ಅಕ್ಷರವನ್ನು ಮೇಲೆ ಮುದ್ರಿಸುವುದಿಲ್ಲ. ಎರಡು ಬಣ್ಣದ ಪ್ಲಾಸ್ಟಿಕ್ಕನ್ನು ಎರಡು ಸಲ ಅಚ್ಚಿಗೆ ಹೊಯ್ದು ಅಕ್ಷರವನ್ನೇ ಎರಕ ಮಾಡುತ್ತಾರೆ, ಹಾಗಾಗಿ ಅದು ಅಳಿಸುವುದಿಲ್ಲ. ಇದಕ್ಕೆ ಮೊದಲು ಬಣ್ಣದ ಮಾದರಿ ಬರಬೇಕು, ಒಪ್ಪಬೇಕು, ಒಪ್ಪದಿದ್ದರೆ ಮತ್ತೊಂದು ಬರಬೇಕು. ನಂತರ ಕಾರ್ಖಾನೆಯ ಸರದಿ. ಈ ಕೆಲಸಕ್ಕೆ ಹೆಸರಾದ ಜರ್ಮನಿಯ ಜಿಎಂಕೆ ಕಂಪನಿಯ ಮುಂದೆ ಕೋವಿಡ್ ಕಾಲದಲ್ಲಿ ಬೇಡಿಕೆ ಉಕ್ಕಿ, ಜಗತ್ತಿನ ಹವ್ಯಾಸಿಗಳು ಒಂದು ವರ್ಷಕ್ಕೂ ಮೀರಿ ಕಾದರು. ಚೀನಾದ ಕಾರ್ಖಾನೆಯಾದರೆ ಅಲ್ಲಿನ ಹೊಸ ವರ್ಷದ ರಜೆ ಬಂದಾಗ ವಾರಗಟ್ಟಲೆ ಯಂತ್ರ ನಿಲ್ಲುತ್ತದೆ. ಹಡಗಿನಲ್ಲಿ ಬರುವುದಾದರೆ ದಾರಿಯ ತಾಪತ್ರಯ. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಹಡಗು ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಹಾಕಿಕೊಂಡು ಆರು ದಿನ ಸಾಗಣೆ ನಿಂತಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದ ಮೇಲೆ ಯುರೋಪಿನ ಹಡಗುಗಳು ಆಫ್ರಿಕವನ್ನೇ ಸುತ್ತಿ ಬರಲಾರಂಭಿಸಿದವು.

ಭಾರತಕ್ಕೆ ಬಂದ ಮೇಲೆ ಕಸ್ಟಮ್ಸ್. ಒಬ್ಬರು ಸ್ವಂತ ಬಳಕೆಗೆ ಒಂದು ಸೆಟ್ ತರಿಸುವುದು ಬೇರೆ, ಒಂದೇ ಪೆಟ್ಟಿಗೆಯಲ್ಲಿ ನಲವತ್ತು ಒಂದೇ ಬಗೆಯ ಸೆಟ್ ತರಿಸುವುದು ಬೇರೆ. ಎರಡನೆಯದನ್ನು ವಾಣಿಜ್ಯ ಆಮದು ಎಂದು ನೋಡಿದರೆ ಆಮದು–ರಫ್ತು ಕೋಡ್, ಬಿಲ್ಲು, ಸುಂಕದ ಲೆಕ್ಕ ಎಲ್ಲವೂ ಬೇಕು. ಕ್ಯೂಬ್, ಮಾಡೆಲ್ ಕಿಟ್‌ಗಳಂಥವು ಆಟಿಕೆ ಎಂದು ಪರಿಗಣಿತವಾದರೆ, 2021ರ ಜನವರಿ 1ರಿಂದ ಕಡ್ಡಾಯವಾಗಿರುವ ಬಿಐಎಸ್ ಗುರುತಿನ ಪ್ರಶ್ನೆಯೂ ಏಳುತ್ತದೆ. ಇದನ್ನೆಲ್ಲ ತಿಳಿದ ಸಂಘಟಕ ಹಣ ಪಡೆಯುವ ಮೊದಲೇ ‘ಕಸ್ಟಮ್ಸ್‌ನಲ್ಲಿ ಇಷ್ಟು ದಿನ ಹಿಡಿಯಬಹುದು, ಸುಂಕ ಹೆಚ್ಚಾದರೆ ಹಂಚಿಕೊಳ್ಳಬೇಕು’ ಎಂದು ಹೇಳಿಬಿಡುತ್ತಾನೆ. ತಿಳಿಯದವನು ಪೆಟ್ಟಿಗೆ ನಿಂತ ಮೇಲೆ ಹೇಳುತ್ತಾನೆ. ತಡ ಎರಡೂ ಕಡೆ ಒಂದೇ. ಜಗಳ ಎರಡನೆಯ ಕಡೆ ಮಾತ್ರ.

ನಂಬರ್ ಬಂತು, ವಸ್ತು ಹೊರಡಲಿಲ್ಲ

ನಮ್ಮ ಬಳಗದಲ್ಲಿ ಅತಿ ಹೆಚ್ಚು ಗಲಾಟೆ ಆಗುವುದು ಟ್ರ್ಯಾಕಿಂಗ್ ನಂಬರ್ ಸಿಕ್ಕ ಮೇಲೆ. ಅಲ್ಲಿಯವರೆಗೆ ಸುಮ್ಮನಿದ್ದವರೂ ಗಂಟೆಗೊಮ್ಮೆ ನೋಡತೊಡಗುತ್ತಾರೆ.

ಅಂತರರಾಷ್ಟ್ರೀಯ ಅಂಚೆ ಪಾರ್ಸೆಲ್‌ನ ಸಂಖ್ಯೆ 13 ಅಕ್ಷರ–ಅಂಕಿಗಳದ್ದು. ಮೊದಲು ಎರಡು ಅಕ್ಷರ, ನಡುವೆ ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಈ ಸಂಖ್ಯೆಯನ್ನು ಮನೆಯಲ್ಲೇ ಕುಳಿತು ಲೇಬಲ್ ಮುದ್ರಿಸುವಾಗಲೂ ಪಡೆಯಬಹುದು. ಅಂದರೆ ನಂಬರ್ ಇದೆ ಎಂದರೆ ಲೇಬಲ್ ಇದೆ ಎಂದಷ್ಟೇ ಅರ್ಥ, ಪೆಟ್ಟಿಗೆ ಅಂಚೆ ಕಚೇರಿಗೆ ಹೋಗಿದೆ ಎಂದಲ್ಲ. ವಿಮಾನದಲ್ಲಿ ಇರುವಾಗ ಅದನ್ನು ಯಾರೂ ಸ್ಕ್ಯಾನ್ ಮಾಡುವುದಿಲ್ಲ. ಹಾಗಾಗಿ ಹಲವು ದಿನ ಒಂದೇ ಸಾಲು ನಿಂತಿರುತ್ತದೆ. ನೋಡುವವನಿಗೆ ಅದು ‘ಕಳೆದುಹೋಗಿದೆ’ ಎಂದು ಕಾಣುತ್ತದೆ.

ಅಂಚೆ ಇಲಾಖೆಯಲ್ಲೂ ಬದಲಾವಣೆ ನಡೆದಿದೆ. 2025ರ ಸೆಪ್ಟೆಂಬರ್ 1ರಿಂದ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಲಾಯಿತು. ಅಕ್ಟೋಬರ್‌ನಿಂದ ದರ ಪರಿಷ್ಕರಣೆಯ ಜೊತೆಗೆ ಒಟಿಪಿ ಆಧರಿತ ವಿತರಣೆಯೂ ಬಂತು. ಇದು ಒಳ್ಳೆಯದೇ. ಆದರೆ ನಮ್ಮ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ ಕಡೆಯ ಪಿ.ಜಿ.ಗಳಲ್ಲಿ, ಹಗಲು ಬೀಗ ಹಾಕಿರುವ ಮನೆಗಳಲ್ಲಿ, ಪೋಸ್ಟ್‌ಮ್ಯಾನ್ ಬಂದಾಗ ಒಟಿಪಿ ಬಂದ ಮೊಬೈಲು ಎಲ್ಲೋ ತರಗತಿಯಲ್ಲಿ ಮೌನವಾಗಿರುತ್ತದೆ. ಕೊನೆಯ ಒಂದು ಕಿಲೋಮೀಟರ್‌ಗೆ ಎರಡು ದಿನ ಹೆಚ್ಚು ಹಿಡಿಯುತ್ತದೆ.

ಸಂಘಟಕನ ಕೈಮೀರಿದ ಸಂಗತಿಗಳೂ ಇವೆ. 800 ಡಾಲರ್‌ವರೆಗಿನ ವಸ್ತುಗಳಿಗಿದ್ದ ಸುಂಕ ವಿನಾಯಿತಿಯನ್ನು ಅಮೆರಿಕ 2025ರ ಆಗಸ್ಟ್ 29ರಿಂದ ತೆಗೆದುಹಾಕಿತು. ಅದಕ್ಕೆ ನಾಲ್ಕು ದಿನ ಮೊದಲೇ ಭಾರತೀಯ ಅಂಚೆ ಅಲ್ಲಿಗೆ ಪಾರ್ಸೆಲ್ ಸ್ವೀಕರಿಸುವುದನ್ನು ನಿಲ್ಲಿಸಿತು. ಸೇವೆ ಮತ್ತೆ ಶುರುವಾದದ್ದು ಅಕ್ಟೋಬರ್ 15ಕ್ಕೆ. ಓದಲು ಅಲ್ಲಿಗೆ ಹೋದ ನಮ್ಮ ಬಳಗದ ಗೆಳೆಯನ ಪೊಟ್ಟಣ ಅಷ್ಟೂ ದಿನ ನಮ್ಮ ಮನೆಯ ಅಟ್ಟದ ಮೇಲಿತ್ತು. ಅವನು ಸಿಟ್ಟಾಗಲಿಲ್ಲ. ಸೇವೆ ನಿಂತ ದಿನವೇ ‘ನಿಂತಿದೆ, ಶುರುವಾದ ದಿನ ಹೇಳುತ್ತೇವೆ’ ಎಂದು ಅವನಿಗೆ ತಿಳಿಸಲಾಗಿತ್ತು.

ಎರಡು ಖರೀದಿಗಳ ಪಾಠ

ನಮ್ಮ ಬಳಗ ಎರಡು ವರ್ಷಗಳಲ್ಲಿ ಕಂಡ ಎರಡು ಖರೀದಿಗಳನ್ನು ಹೋಲಿಸಿದರೆ ವಿಷಯ ಸ್ಪಷ್ಟವಾಗುತ್ತದೆ. ಮೊದಲನೆಯದು ಹೊರಗಿನ ಒಬ್ಬ ಮಾರಾಟಗಾರನದು. ‘ಮಾರ್ಚ್ ಕೊನೆಗೆ ಕಳಿಸುತ್ತೇನೆ’ ಎಂದಿದ್ದ. ಮಾರ್ಚ್ ಕಳೆಯಿತು. ‘ಮುಂದಿನ ವಾರ’ ಎಂದ. ಆ ‘ಮುಂದಿನ ವಾರ’ ಮೂರು ಸಲ ಬಂದು ಆಮೇಲೆ ಮಾತೇ ನಿಂತಿತು. ವಸ್ತು ಬಂದದ್ದು ಸೆಪ್ಟೆಂಬರ್‌ನಲ್ಲಿ. ಗುಣಮಟ್ಟದಲ್ಲಿ ಒಂದು ಕೊರತೆಯೂ ಇರಲಿಲ್ಲ. ಆದರೂ ಅವನ ಮುಂದಿನ ಖರೀದಿಗೆ ನಮ್ಮ ಬಳಗದಿಂದ ಒಬ್ಬರೂ ಸೇರಲಿಲ್ಲ.

ಎರಡನೆಯದು ನಮ್ಮವರೇ ಸಂಘಟಿಸಿದ್ದು. ಇದು ಇನ್ನೂ ಹೆಚ್ಚು ತಡವಾಯಿತು, ಎಂಟು ತಿಂಗಳು. ಆದರೆ ಹದಿನೈದು ದಿನಕ್ಕೊಮ್ಮೆ ಶನಿವಾರ ಒಂದು ಸಂದೇಶ ಹೋಗುತ್ತಿತ್ತು. ವಸ್ತು ಕೈಗೆ ಬಂದ ವಾರವೇ ‘ಮುಂದಿನದು ಯಾವಾಗ ಅಣ್ಣಾ?’ ಎಂದು ಕೇಳಿದವರಲ್ಲಿ, ಮೊದಲ ಖರೀದಿಯಲ್ಲಿ ಕೈಸುಟ್ಟುಕೊಂಡವರೂ ಇದ್ದರು.

ಹೆಚ್ಚು ತಡವಾದದ್ದಕ್ಕೆ ಹೆಚ್ಚು ವಿಶ್ವಾಸ ಸಿಕ್ಕಿದ್ದು ಹೇಗೆ? ಕಾಯುವಿಕೆಯ ಬಗ್ಗೆ ಡೇವಿಡ್ ಮೈಸ್ಟರ್ ಎಂಬ ನಿರ್ವಹಣಾ ತಜ್ಞ 1985ರಲ್ಲೇ ಬರೆದಿದ್ದಾರೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲದ ಕಾಯುವಿಕೆ ಗೊತ್ತಿರುವುದಕ್ಕಿಂತ ದೀರ್ಘವೆನಿಸುತ್ತದೆ, ಕಾರಣ ಹೇಳದ ಕಾಯುವಿಕೆ ಹೇಳಿದ್ದಕ್ಕಿಂತ ದೀರ್ಘವೆನಿಸುತ್ತದೆ ಎಂಬುದು ಅವರ ವಾದ. ಹಾರ್ವರ್ಡ್‌ನ ರಯಾನ್ ಬ್ಯುಯೆಲ್ ಮತ್ತು ಮೈಕೆಲ್ ನಾರ್ಟನ್ 2011ರ ಅಧ್ಯಯನದಲ್ಲಿ ಇನ್ನೊಂದು ಅಂಶ ತೋರಿಸಿದರು. ತಮಗಾಗಿ ನಡೆಯುತ್ತಿರುವ ಕೆಲಸ ಕಣ್ಣಿಗೆ ಕಂಡರೆ ಜನ ಕಾಯುವುದನ್ನು ಸಹಿಸುತ್ತಾರೆ, ಸೇವೆಗೂ ಹೆಚ್ಚು ಬೆಲೆ ಕೊಡುತ್ತಾರೆ. ಬಿಎಂಟಿಸಿ ಬಸ್‌ಗೆ ಕಾಯುವ ನಮಗೆ ಇದಕ್ಕೆ ವಿದೇಶಿ ಪುರಾವೆಯೂ ಬೇಕಿಲ್ಲ. ‘ಬನಶಂಕರಿ ಬಿಟ್ಟಿದೆ, ಇಪ್ಪತ್ತು ನಿಮಿಷ’ ಎಂದು ಯಾರೋ ಹೇಳಿದರೆ ಟೀ ಕುಡಿದು ಬರುತ್ತೇವೆ. ಹೇಳುವವರಿಲ್ಲದಿದ್ದರೆ ಹತ್ತು ನಿಮಿಷಕ್ಕೇ ಸಿಡಿಮಿಡಿಗುಟ್ಟುತ್ತೇವೆ.

ಒಳ್ಳೆಯ ಸುದ್ದಿ ಎಂದರೇನು?

ನಾನು ಕಂಡಂತೆ ಉಪಯೋಗಕ್ಕೆ ಬರುವ ಒಂದು ಸಂದೇಶದಲ್ಲಿ ನಾಲ್ಕು ಸಂಗತಿ ಇರಬೇಕು: ಏನಾಗಿದೆ, ಏನು ಇನ್ನೂ ಗೊತ್ತಿಲ್ಲ, ಹಣ ಎಲ್ಲಿದೆ, ಮುಂದಿನ ಸುದ್ದಿ ಯಾವಾಗ. ನಮ್ಮ ಬಳಗಕ್ಕೆ ಹೋದ ಒಂದು ಸಂದೇಶ ಹೀಗಿತ್ತು:

‘ಜೂನ್ 14. ಬಣ್ಣದ ಎರಡನೇ ಮಾದರಿ ಬಂದಿದೆ, ನೀಲಿ ಇನ್ನೂ ಹೊಂದಿಲ್ಲ. ಫೋಟೊ ಕೆಳಗಿದೆ. ಮೂರನೆಯದು ಕೇಳಿದ್ದೇವೆ. ಕಾರ್ಖಾನೆ ದಿನಾಂಕ ಕೊಟ್ಟಿಲ್ಲ, ಹಾಗಾಗಿ ನಾವೂ ಕೊಡುವುದಿಲ್ಲ. ಅರ್ಧ ಹಣ ಕಾರ್ಖಾನೆಗೆ ಹೋಗಿದೆ, ಉಳಿದರ್ಧ ಖಾತೆಯಲ್ಲಿದೆ. ಮುಂದಿನ ಸಂದೇಶ ಜೂನ್ 28ರ ಶನಿವಾರ, ಸುದ್ದಿ ಇರಲಿ ಇಲ್ಲದಿರಲಿ.’

ಇಲ್ಲಿ ಗಮನಿಸಬೇಕಾದದ್ದು ಕೊನೆಯ ಮಾತು. ವಸ್ತು ಬರುವ ದಿನ ಸಂಘಟಕನ ಕೈಯಲ್ಲಿಲ್ಲ. ಸಂದೇಶ ಕಳಿಸುವ ದಿನ ಇದೆ. ತನ್ನ ಕೈಯಲ್ಲಿರುವುದಕ್ಕೆ ಮಾತ್ರ ಮಾತು ಕೊಟ್ಟರೆ ಅದನ್ನು ಪ್ರತಿ ಸಲವೂ ಉಳಿಸಿಕೊಳ್ಳಬಹುದು. ಎಂಟು ತಿಂಗಳಲ್ಲಿ ಹದಿನಾರು ಸಲ ಮಾತು ಉಳಿಸಿಕೊಂಡವನನ್ನು ಜನ ನಂಬುತ್ತಾರೆ. ಒಂದೇ ದಿನಾಂಕ ಕೊಟ್ಟು ಅದನ್ನು ಮೂರು ಸಲ ಮುಂದೂಡಿದವನನ್ನು, ವಸ್ತು ತಂದುಕೊಟ್ಟರೂ ನಂಬುವುದಿಲ್ಲ.

ಸಂದೇಶ ಹೆಚ್ಚಾದರೂ ಕಷ್ಟವೇ. ದಿನಾ ಏನಾದರೊಂದು ಹಾಕುವ ಸಂಘಟಕರಿದ್ದಾರೆ. ಹತ್ತು ‘ಗುಡ್ ಮಾರ್ನಿಂಗ್’ ನಡುವೆ ಸುಂಕ ಏರಿದ ಸುದ್ದಿ ಮುಳುಗಿಹೋಗುತ್ತದೆ. ಅಲಂಕಾರದ ಭಾಷೆಯೂ ಬೇಡ. ‘ನಿಮ್ಮ ಸಹನೆಗೆ ಕೃತಜ್ಞತೆಗಳು’ ಎಂಬ ಸಾಲು ಓದಿದ ಕೂಡಲೇ ಏನೋ ಮುಚ್ಚಿಡುತ್ತಿದ್ದಾರೆ ಎಂಬ ಅನುಮಾನ ಬರುತ್ತದೆ. ಇನ್ನು ‘ಮೂರೇ ಸ್ಲಾಟ್ ಉಳಿದಿದೆ, ಬೇಗ’ ಎಂಬ ಸುಳ್ಳು ಅವಸರ. ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಹೆಸರಿಸಿದ 13 ಬಗೆಯ ಆನ್‌ಲೈನ್ ಮರೆಮೋಸಗಳಲ್ಲಿ ಇದೂ ಒಂದು. ಅವಸರಪಡಿಸಿ ಹಣ ಪಡೆದವನೇ ಆಮೇಲೆ ಸಹನೆ ಕೇಳುವುದು ನ್ಯಾಯವಲ್ಲ.

ಖರೀದಿದಾರರಿಗೂ ಹೊಣೆಯಿದೆ. ಹಾಕಿದ ಸಂದೇಶ ಓದದೆ ಅದನ್ನೇ ಕೇಳುವುದು, ಸಂಘಟಕನಿಗೆ ರಾತ್ರಿ ಹನ್ನೊಂದಕ್ಕೆ ಕರೆ ಮಾಡುವುದು, ಮನೆ ಬದಲಿಸಿ ವಿಳಾಸ ತಿಳಿಸದಿರುವುದು ನಮ್ಮಲ್ಲಿ ಸಾಮಾನ್ಯ. ಸಂಘಟಕನೂ ಹಗಲು ಕಾಲೇಜು, ಕಚೇರಿ ಅಂತ ಓಡಾಡುವವನೇ. ದೊಡ್ಡ ಪೆಟ್ಟಿಗೆ ಬಂದ ಮೇಲೆ ಅದನ್ನು ಬಿಚ್ಚಿ, ಎಣಿಸಿ, ನಲವತ್ತು ಪೊಟ್ಟಣ ಕಟ್ಟಿ, ವಿಳಾಸ ಬರೆದು ಅಂಚೆ ಕಚೇರಿಯಲ್ಲಿ ಸಾಲು ನಿಲ್ಲಲು ಎರಡು ಭಾನುವಾರ, ಒಂದು ಶನಿವಾರ ಬೇಕೇ ಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಬಾಡಿಗೆಗೋ ಪರೀಕ್ಷಾ ಶುಲ್ಕಕ್ಕೋ ಬೇಕಾಗುವ ಹಣವನ್ನು ಗುಂಪು ಖರೀದಿಗೆ ಹಾಕಬಾರದು. ಒಂದು ವರ್ಷ ಕೈಗೆ ಸಿಗದಿದ್ದರೂ ನಡೆಯುವ ಹಣವನ್ನಷ್ಟೇ ಹಾಕಬೇಕು. ಎಷ್ಟೇ ಒಳ್ಳೆಯ ಸಂದೇಶ ಬಂದರೂ ಅದರಿಂದ ತಿಂಗಳ ಬಾಡಿಗೆ ಕಟ್ಟಲಾಗದು.

ಕಾನೂನು ಎಲ್ಲಿಯವರೆಗೆ?

ಕಾಯುವುದಕ್ಕೂ ಮಿತಿ ಇದೆ. ಹಣ ಪೂರ್ತಿ ಕೊಟ್ಟವರಷ್ಟೇ ಅಲ್ಲ, ಭಾಗಶಃ ಕೊಟ್ಟವರೂ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕರೇ. 2020ರ ಇ–ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್ ವ್ಯಾಪಾರ ಸಂಸ್ಥೆಯ ಕುಂದುಕೊರತೆ ಅಧಿಕಾರಿ ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ ನೀಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲಿಗೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುವುದಾದರೆ ನಾವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವ್ಯಾಜ್ಯಕಾರಣ ಹುಟ್ಟಿದ ಎರಡು ವರ್ಷದೊಳಗೆ ಕೊಡಬೇಕು. ಹಾಗಾಗಿ ಹಣ ಕಟ್ಟಿದ ದಾಖಲೆ, ಮಾರಾಟಗಾರನ ಸಂದೇಶಗಳು ಅಳಿಸಿಹೋಗದಂತೆ ಇಟ್ಟುಕೊಳ್ಳುವುದು ಮುಖ್ಯ.

ಆದರೆ ಅದೇ ಇ–ಕಾಮರ್ಸ್ ನಿಯಮಗಳಲ್ಲಿ ಒಂದು ವಿನಾಯಿತಿ ಇದೆ. ವ್ಯಾಪಾರವಾಗಿ ಅಲ್ಲದೆ, ನಿಯಮಿತವಾಗಿಯೂ ಅಲ್ಲದೆ, ವ್ಯಕ್ತಿಯೊಬ್ಬ ವೈಯಕ್ತಿಕ ನೆಲೆಯಲ್ಲಿ ಮಾಡುವ ಚಟುವಟಿಕೆಗೆ ಅವು ಅನ್ವಯಿಸುವುದಿಲ್ಲ. ಗೆಳೆಯನೊಬ್ಬ ಲಾಭವಿಲ್ಲದೆ ವರ್ಷಕ್ಕೊಮ್ಮೆ ನಡೆಸುವ ಗುಂಪು ಖರೀದಿ ಈ ಬೇಲಿಯ ಹೊರಗೆ ಉಳಿಯುತ್ತದೆ. ನಮ್ಮಲ್ಲಿ ನಡೆಯುವ ಖರೀದಿಗಳಲ್ಲಿ ಹೆಚ್ಚಿನವು ಇಂಥವೇ. ಅಂದರೆ ಕಾನೂನು ಅತಿ ಕಡಿಮೆ ಕೈಚಾಚುವ ಜಾಗದಲ್ಲೇ ನಮ್ಮ ಹಣ ಹೆಚ್ಚು ಓಡಾಡುತ್ತಿದೆ. ಅಲ್ಲಿ ಉಳಿಯುವುದು ಎರಡೇ: ಎಲ್ಲರಿಗೂ ಕಾಣುವಂತೆ ಇಟ್ಟ ಲೆಕ್ಕ, ತಪ್ಪದೆ ಬರುವ ಸಂದೇಶ. ಹಣ ಹಾಕುವ ಮೊದಲು ‘ಎಷ್ಟು ದಿನ ಹಿಡಿಯುತ್ತದೆ?’ ಎಂದು ಎಲ್ಲರೂ ಕೇಳುತ್ತಾರೆ. ‘ಎಷ್ಟು ದಿನಕ್ಕೊಮ್ಮೆ ತಿಳಿಸುತ್ತೀರಿ? ನಡೆಯದಿದ್ದರೆ ಹಣ ಹೇಗೆ ವಾಪಸ್?’ ಎಂದು ಕೇಳುವವರು ಕಡಿಮೆ. ಎರಡನೆಯ ಪ್ರಶ್ನೆಗೆ ತಡಬಡಾಯಿಸುವವರಿಗೆ ಹಣ ಕೊಡದಿರುವುದೇ ಲೇಸು.

ಕೆಲಸಕ್ಕೂ ಬರುವ ಪಾಠ

ಕೆಲಸ ಹುಡುಕುವ ನಮ್ಮಂಥವರಿಗೆ ಇದರಲ್ಲಿ ಇನ್ನೊಂದು ಅರ್ಥವಿದೆ. ಬೆಂಗಳೂರಿನಲ್ಲಿ ಗ್ರಾಹಕ ಸೇವೆ, ಸಾಗಣೆ ನಿರ್ವಹಣೆ, ಪ್ರಾಜೆಕ್ಟ್ ಸಮನ್ವಯ ಎಂದು ಕರೆಯುವ ಕೆಲಸಗಳ ತಿರುಳು ಇದೇ. ವಸ್ತು ನಿಮ್ಮ ಕೈಯಲ್ಲಿಲ್ಲ, ಸಿಟ್ಟಾದ ಮನುಷ್ಯ ಎದುರಿಗಿದ್ದಾನೆ, ನಿಜ ಹೇಳಬೇಕು ಮತ್ತು ಅವನನ್ನು ಉಳಿಸಿಕೊಳ್ಳಬೇಕು. ಇದನ್ನು ಯಾವ ಕೋರ್ಸಿನಲ್ಲೂ ಅಂಕಕ್ಕಾಗಿ ಕಲಿಸುವುದಿಲ್ಲ. ನಲವತ್ತು ಜನರ ಹಣದ ಲೆಕ್ಕ ಎಂಟು ತಿಂಗಳು ಇಟ್ಟವರು ಸಂದರ್ಶನದಲ್ಲಿ ಅದನ್ನು ಹೇಳಿಕೊಳ್ಳಲು ಹಿಂಜರಿಯಬೇಕಿಲ್ಲ.

ಉಳಿಯಬೇಕಾದದ್ದು ಯಾವುದು?

‘ಇಷ್ಟೆಲ್ಲ ರಗಳೆ ಯಾಕೆ, ಸಿದ್ಧವಾಗಿ ಸಿಗುವುದನ್ನು ಕೊಂಡರಾಯಿತು’ ಎನ್ನುವವರಿದ್ದಾರೆ. ಸಿದ್ಧವಾಗಿ ಸಿಗುವುದು ದೊಡ್ಡ ಬೇಡಿಕೆ ಇರುವುದು ಮಾತ್ರ. ಕನ್ನಡಕ್ಕೆ ಇದು ಹಳೆಯ ಅನುಭವ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕ ತಂದಿತು. ಹಣ ಮೊದಲು, ಪುಸ್ತಕ ಆಮೇಲೆ. ಪವನ್ ಕುಮಾರ್ ಅವರ ‘ಲೂಸಿಯಾ’ ಸಿನಿಮಾ 2013ರಲ್ಲಿ ತೆರೆಗೆ ಬಂದದ್ದೂ ನೋಡುಗರು ಮುಂಚಿತವಾಗಿ ಹಾಕಿದ ಹಣದಿಂದ. ಸಣ್ಣ ಮಾರುಕಟ್ಟೆಯ ಭಾಷೆಗೆ ಮುಂಗಡ ನಂಬಿಕೆಯೇ ಬಂಡವಾಳ.

ಕನ್ನಡದಲ್ಲಿ ಬೆರಳಚ್ಚಿಸುವ ನಮಗೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಗೊತ್ತು. ಆ ವಿನ್ಯಾಸದ ಕನ್ನಡ ಅಕ್ಷರಗಳನ್ನೇ ಎರಕ ಹೊಯ್ದ ಒಂದು ಒಳ್ಳೆಯ ಕೀಕ್ಯಾಪ್ ಸೆಟ್ ಬೇಕೆಂಬುದು ನಮ್ಮ ಬಳಗದ ಬಹುದಿನದ ಆಸೆ. ಯಾವ ದೊಡ್ಡ ಕಂಪನಿಯೂ ನಮಗಾಗಿ ಅದನ್ನು ಮಾಡಿ ಗೋದಾಮಿನಲ್ಲಿ ಇಡುವುದಿಲ್ಲ. ಕೆಲವು ನೂರು ಜನ ಒಂದಾಗಿ, ಮೊದಲೇ ಹಣ ಹಾಕಿ, ಒಂದು ವರ್ಷ ಕಾಯಲು ಒಪ್ಪಿದರೆ ಮಾತ್ರ ಅದು ಆಗುತ್ತದೆ. ಮಾತು ತಪ್ಪಿ ಮೌನವಾಗುವ ಒಬ್ಬೊಬ್ಬ ಸಂಘಟಕನೂ ಆ ನೂರರಲ್ಲಿ ಹತ್ತಾರು ಜನರನ್ನು ಶಾಶ್ವತವಾಗಿ ದೂರ ಮಾಡುತ್ತಾನೆ. ಹದಿನೈದು ದಿನಕ್ಕೊಮ್ಮೆ ‘ಇನ್ನೂ ಸುದ್ದಿ ಇಲ್ಲ’ ಎಂದು ಬರೆಯಲು ಎರಡು ನಿಮಿಷ ಸಾಕು. ಆ ಎರಡು ನಿಮಿಷ ಕೊಡಲಾಗದವರು ಬೇರೆಯವರ ಹಣ ಮುಟ್ಟದಿರುವುದೇ ಒಳ್ಳೆಯದು.